ಸಂಬಳ ಕೇಳಿದ ಮೇಲೂ ಕೇಳಬೇಕಾದ್ದಿದೆ

ಹುಡುಗನಿಗೆ ಗಲ್ಫ್‌ನಲ್ಲಿ ಕೆಲಸ ಆಯಿತು ಅಂದರೆ ನಮ್ಮಲ್ಲಿ ಮೊದಲ ಪ್ರಶ್ನೆ, "ಸಂಬಳ ಎಷ್ಟು?" ಎರಡನೆಯದು, "ಯಾವ ಕಂಪೆನಿ?" ಅಲ್ಲಿಗೆ ವಿಚಾರಣೆ ಮುಗಿಯಿತು. ಈ ಎರಡೇ ಪ್ರಶ್ನೆ ಸಾಲದು ಎಂದು ತಿಳಿಯಲು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗಳ ಕಥೆ ನೋಡಬೇಕು.

ಅಲ್ಲಿ ದೊಡ್ಡ ವಿಶ್ವವಿದ್ಯಾಲಯದ ಕೋಚ್‌ಗೆ ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಸಂಬಳ. ಕೆಂಟುಕಿಯ ತಂಡ 8 ಸಲ ರಾಷ್ಟ್ರೀಯ ಚಾಂಪಿಯನ್. ಹಣ, ಹೆಸರು, ಜನಬೆಂಬಲ ಯಾವುದಕ್ಕೂ ಕೊರತೆಯಿಲ್ಲ. ಜಾನ್ ಕ್ಯಾಲಿಪರಿ 2012ರಲ್ಲಿ ಅಲ್ಲಿಗೆ ಪ್ರಶಸ್ತಿ ಗೆದ್ದುಕೊಟ್ಟವರು. ಆದರೆ 2024ರ ಮಾರ್ಚ್‌ನಲ್ಲಿ ಓಕ್ಲೆಂಡ್ ಎಂಬ ಹೆಚ್ಚು ಹೆಸರಿಲ್ಲದ ತಂಡದೆದುರು ಮೊದಲ ಸುತ್ತಿನಲ್ಲೇ ಸೋತಾಗ ಅಭಿಮಾನಿಗಳ ಸಿಟ್ಟು ನೆತ್ತಿಗೇರಿತು. ಮುಂದಿನ ತಿಂಗಳೇ ಅವರು ಅರ್ಕನ್ಸಾಗೆ ಹೊರಟರು.

ಇನ್ನೊಂದು ಕಡೆ ಗೊನ್ಝಾಗ. ಸ್ಪೋಕೇನ್ ಪಟ್ಟಣದ ಸಣ್ಣ ಖಾಸಗಿ ವಿಶ್ವವಿದ್ಯಾಲಯ. ಮಾರ್ಕ್ ಫ್ಯೂ 1999ರಲ್ಲಿ ಮುಖ್ಯ ಕೋಚ್ ಆದವರು ಕಾಲು ಶತಮಾನ ದಾಟಿದರೂ ಅಲ್ಲೇ ಉಳಿದರು. 2017 ಮತ್ತು 2021ರಲ್ಲಿ ಫೈನಲ್ ತಲುಪಿ ಎರಡು ಸಲವೂ ಸೋತರು. ಆದರೂ ಯಾರೂ ಅವರನ್ನು ಓಡಿಸಲಿಲ್ಲ.

"ದೊಡ್ಡ ಸಂಬಳ ಕೊಡುವುದೇ ಒತ್ತಡ ತಡೆದುಕೊಳ್ಳಲಿಕ್ಕೆ ಅಲ್ವಾ?" ಎಂದು ಕೇಳಬಹುದು. ವರ್ಜೀನಿಯಾದ ಟೋನಿ ಬೆನೆಟ್‌ರನ್ನು ನೋಡಿ. 2018ರಲ್ಲಿ ಅವರ ಅಗ್ರಶ್ರೇಯಾಂಕದ ತಂಡ 16ನೇ ಶ್ರೇಯಾಂಕದ ತಂಡಕ್ಕೆ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗೆ ಆದದ್ದು ಅದೇ ಮೊದಲು. ವಿಶ್ವವಿದ್ಯಾಲಯ ಅವರನ್ನು ಕೈಬಿಡಲಿಲ್ಲ. ಮರುವರ್ಷವೇ ಅವರು ಚಾಂಪಿಯನ್ ಆದರು. ಅಂಥವರೇ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ವಾರ ಇರುವಾಗ, ಕೆಲಸ ಬಿಟ್ಟರು. ಆಟಗಾರರಿಗೆ ಹಣ ಹೊಂದಿಸುವುದು, ವರ್ಷ ವರ್ಷ ತಂಡ ಬದಲಿಸುವವರನ್ನು ಹಿಡಿದಿಟ್ಟುಕೊಳ್ಳುವುದು, ಇದೇ ಈಗ ಕೋಚ್‌ನ ದೊಡ್ಡ ಕೆಲಸ. ಅದಕ್ಕೆ ತಾನು ತಕ್ಕವನಲ್ಲ ಎಂದು ಅವರೇ ಹೇಳಿದರು. ಸಂಬಳ ಅವರನ್ನು ಹಿಡಿದು ನಿಲ್ಲಿಸಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಂಬಳ ಬೇಡ ಎಂದು ಯಾರೂ ಹೇಳುವುದಿಲ್ಲ, ಮನೆ ನಡೆಯಬೇಕು. ಅದರ ಜೊತೆಗೆ ಇನ್ನೂ ಮೂರು ವಿಷಯ ಕೇಳೋಣ. ಒಮ್ಮೆ ಸೋತರೆ ಮೇಲಿನವರು ಸಮಯ ಕೊಡುತ್ತಾರಾ? ಕೇಳುವ ಫಲಕ್ಕೆ ತಕ್ಕ ಅನುಕೂಲ ಒದಗಿಸುತ್ತಾರಾ? ಕಲಿತ ಕೆಲಸವನ್ನೇ ಮಾಡಲು ಬಿಡುತ್ತಾರಾ? ಮಕ್ಕಳು ಆಫರ್ ಲೆಟರ್ ಹಿಡಿದು ಬಂದಾಗ ಇದನ್ನೂ ಕೇಳಿ. ಉತ್ತರ ಸರಿಯಿದ್ದರೆ ಕಂಪೆನಿಯ ಹೆಸರು ಸಣ್ಣದಾದರೂ ಕಳಿಸಿ.