ಪಿ, ಎ ಮತ್ತು ಪೌಂಡಿನ ಗುರುತು
ಎರಡು ತಿಂಗಳ ಹಿಂದಿನ ಮಾತು. ಭಾನುವಾರ ಬೆಳಗಿನ ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ, ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಅವಳ ತಂದೆ ನನಗೆ ಬಹುಕಾಲದ ಸ್ನೇಹಿತರು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ನಿವೃತ್ತರಾದ ಮೇಲೆ, 2003ರಲ್ಲಿ, ತಾಯಿಯ ಬಾಯಿಂದ ಕೇಳಿದ ಹಾಡುಗಳನ್ನೂ ಕತೆಗಳನ್ನೂ ಎರಡೇ ಬೆರಳುಗಳಿಂದ ಕುಟ್ಟಿ ಕುಟ್ಟಿ ಗಣಕಕ್ಕೆ ಇಳಿಸಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷಗಳಾದುವು.

“ಮಾಮಾ, ಅಪ್ಪನ ಬರಹವೆಲ್ಲ ಹಾಳಾಗಿದೆಯಂತೆ. ರಿಪೇರಿ ಅಂಗಡಿಯವನು, ವೈರಸ್ ಹತ್ತಿದೆ, ಅಳಿಸಿಬಿಡಿ ಎನ್ನುತ್ತಾನೆ” ಎಂದಳು. ಅವಳ ಕಣ್ಣು ತುಂಬಿತ್ತು.

ನೋಡಿದೆ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ‘ಎ’, ಅನಂತರ ಇಂಗ್ಲೆಂಡಿನ ಪೌಂಡ್ ಹಣದ ಗುರುತು! ಪುಟದ ತುಂಬ ಇಂಥದೇ ಜಾತ್ರೆ. ನನಗೋ ನಗು ಬಂದಿತು, ಆದರೆ ನಗುವ ಸಮಯವಾಗಿರಲಿಲ್ಲ. “ಒಂದಕ್ಷರವೂ ಹಾಳಾಗಿಲ್ಲ, ಕೂತುಕೋ” ಎಂದೆ.

ಇದೇ ಗಾಬರಿ ಅನೇಕ ವಾಚಕರ ಮನೆಗಳಲ್ಲಿಯೂ ಕಾದಿರಬಹುದಾದುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. ಆ ಕಾಲದ ಫಾಂಟುಗಳಲ್ಲಿ ಇದ್ದುದು 256 ಮನೆಗಳು. ಮೊದಲ ಅರ್ಧ ಇಂಗ್ಲಿಷಿಗೆ ಮತ್ತು ಅಂಕಿಗಳಿಗೆ, ಉಳಿದರ್ಧದ ಬಹುಭಾಗ ಯೂರೋಪಿನ ಗೀಟುಚುಕ್ಕೆಗಳ ಅಕ್ಷರಗಳಿಗೆ. ಕನ್ನಡಕ್ಕೆ ಜಾಗವೇ ಇಲ್ಲ. ನಮ್ಮವರು ಸುಮ್ಮನೆ ಕೂರಲಿಲ್ಲ. ಪರರ ಮನೆಯಲ್ಲಿ ಬಾಡಿಗೆಗೆ ಹೊಕ್ಕವರಂತೆ, ‘ಪಿ’ಯ ಸಂಖ್ಯೆಯಲ್ಲಿ ಕಕಾರದ ಒಡಲನ್ನೂ ಗೀಟಿನ ‘ಎ’ಯ ಸಂಖ್ಯೆಯಲ್ಲಿ ತಲೆಕಟ್ಟನ್ನೂ ಬರೆದಿಟ್ಟರು. ಒಳಗೆ ಕನ್ನಡ, ಬಾಗಿಲ ಫಲಕ ಮಾತ್ರ ಇಂಗ್ಲಿಷಿನದು. ಆ ಫಾಂಟು ಇಲ್ಲದ ಗಣಕವು ಫಲಕವನ್ನೇ ಓದುತ್ತದೆ. ಪಾಪ, ಅದಕ್ಕೇನು ಗೊತ್ತು!

ಇದನ್ನು ಹೀಗಳೆಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಹೊರಬಂದಿತು; ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು; ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು, ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’ ಬರುವ ಸೌಲಭ್ಯವನ್ನು ಕೊಟ್ಟಿತು. ಇವಿಲ್ಲದಿದ್ದರೆ ನನ್ನ ಸ್ನೇಹಿತರ ಎರಡು ಬೆರಳುಗಳು ಸುಮ್ಮನಿರುತ್ತಿದ್ದುವು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯು 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯನ್ನು ಕೊಟ್ಟಿದ್ದಿತು. ಆದರೆ ಮನೆಯ ಗಣಕಕ್ಕೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ, ಅದರಲ್ಲಿಯೂ ಸಿ.ಡಿ. ಹಾಕಿ ಬೇರೆಯಾಗಿ ಸೇರಿಸಿಕೊಳ್ಳಬೇಕಾಗಿತ್ತು.

ನಿಮ್ಮ ಹಳೆಯ ಕಡತ ಯಾವ ಜಾತಿಯದೆಂದು ತಿಳಿಯುವುದು ಸುಲಭ. ಒಂದು ಸಾಲನ್ನು ಆರಿಸಿ ಅದರ ಫಾಂಟನ್ನು ‘ಏರಿಯಲ್’ ಎಂದು ಬದಲಿಸಿರಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಪೌಂಡಿನ ಗುರುತು ಕಾಣಿಸಿಕೊಂಡರೆ ಹಳೆಯದು. ಹಳೆಯದಾದರೆ ಮೊದಲು ಪ್ರತಿ ಮಾಡಿಕೊಳ್ಳಿರಿ, ಮೂಲವನ್ನು ಮುಟ್ಟಲೇಬೇಡಿರಿ. ಆ ಫಾಂಟನ್ನು ಗಣಕಕ್ಕೆ ಸೇರಿಸಿದೊಡನೆ ಬರಹ ಕಣ್ಣಿಗೆ ಕಾಣುತ್ತದೆ. ಅಷ್ಟಕ್ಕೇ ತೃಪ್ತರಾಗದೆ ಯೂನಿಕೋಡಿಗೆ ಪರಿವರ್ತಿಸಿರಿ. ‘ಬರಹ’ ಮತ್ತು ‘ನುಡಿ’ ಎರಡರಲ್ಲಿಯೂ ಅದಕ್ಕೆ ಸಾಧನವಿದೆ.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವುಗಳ ‘ಪಿ’ಯನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಶಬ್ದ ಮಾಡಿಬಿಡುತ್ತದೆ. ಅರ್ಕಾವೊತ್ತಿನದು ಮತ್ತೊಂದು ತಂಟೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಹಿಂದಿನಿಂದ ಬರುತ್ತಿತ್ತು, ಯೂನಿಕೋಡಿನಲ್ಲಿ ರಕಾರವೇ ಮುಂದೆ. ಇದನ್ನು ಯಂತ್ರ ಸರಿಪಡಿಸಬಲ್ಲುದು. ಆದರೆ ಕೆಲವರು ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನೂ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನೂ ಒತ್ತಿಬಿಡುತ್ತಿದ್ದರು. ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ. ‘ಸೂರ್ಯ’ನನ್ನು ಹುಡುಕಿದರೆ ಪುಟದಲ್ಲಿ ಸೂರ್ಯನೇ ಇಲ್ಲ! ನಮ್ಮ ಪಂಡಿತರೂ ಒಂಬತ್ತಿನ ಭಕ್ತರೇ ಆಗಿದ್ದರೆಂದು ಆ ದಿನ ಗೊತ್ತಾಯಿತು. ವ್ಯಾಕರಣದಲ್ಲಿ ಯಾರಿಗೂ ವಿನಾಯಿತಿ ಕೊಡದಿದ್ದ ಮನುಷ್ಯ!

ಫಾಂಟು ಸೇರಿಸಿ ಕಡತವನ್ನು ಮತ್ತೆ ತೆರೆದಾಗ ಮೊದಲ ಸಾಲಿನಲ್ಲಿ ಅವಳ ಅಜ್ಜಿಯ ಊರಿನ ಹೆಸರು ಮೂಡಿತು. ಹುಡುಗಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಈಗ ಪ್ರತಿ ಭಾನುವಾರವೂ ಬರುತ್ತಾಳೆ. ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ತಿದ್ದುತ್ತೇನೆ, ಅರುವತ್ತು ಪುಟಗಳಾಗಿವೆ. ಕಳೆದ ವಾರ ಒಂದು ಹಾಡಿನಲ್ಲಿ ನಾವಿಬ್ಬರೂ ಕೇಳದ ಪದವೊಂದು ಸಿಕ್ಕಿತು. ಪರಿವರ್ತಕದ ತಪ್ಪಿರಬೇಕೆಂದು ನಾನು ಅಳಿಸಲು ಹೊರಟೆ. ಅವಳು ನನ್ನ ಕೈ ತಡೆದು ಸೋದರತ್ತೆಗೆ ಫೋನು ಮಾಡಿದಳು. ಆ ಕಡೆಯಿಂದ ಮುದುಕಿ ನಕ್ಕ ಸದ್ದು ನನಗೂ ಕೇಳಿಸಿತು. ಪದ ಸರಿಯಾಗಿಯೇ ಇತ್ತು. ಅಜ್ಜಿ ಹಾಗೆಯೇ ಹಾಡುತ್ತಿದ್ದರಂತೆ.