ಕೈ ದೊಡ್ಡದಾಯ್ತು ಅಂತ ನಗಬೇಡಿ

ನಮ್ಮ ಕ್ಯಾಂಪಸ್‌ನಲ್ಲಿ ಒಂದು ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ಒಂದೇ ಅಳತೆಗೋಲು: "ಮಗಾ, ಫೋಟೋ ಥರಾನೇ ಇದೆ!" ಫೆಸ್ಟ್ ಬಂತು ಅಂದ್ರೆ ಸಾಕು, ಅಪ್ಪು ಅವರ ಪೆನ್ಸಿಲ್ ಸ್ಕೆಚ್‌ಗೆ ಬಹುಮಾನ, ಯಾವುದೋ ಹೀರೋಯಿನ್ ಕಣ್ಣಿನ ರೆಪ್ಪೆ ಎಣಿಸಿ ಬಿಡಿಸಿದ ಚಿತ್ರಕ್ಕೆ ಬಹುಮಾನ. ಅವರ ತಾಳ್ಮೆ ಬಗ್ಗೆ ನಮಗೆ ಗೌರವ ಇದೆ, ಸುಳ್ಳು ಹೇಳಲ್ಲ. ಆದರೆ ಫೋಟೋ ಥರಾ ಇರೋದೊಂದೇ ಚಿತ್ರದ ಕೆಲಸ ಅಂದುಬಿಟ್ಟರೆ, ಆ ಕೆಲಸವನ್ನ ನಮ್ಮ ಜೇಬಿನಲ್ಲಿರೋ ಫೋನು ಒಂದು ಸೆಕೆಂಡಿನಲ್ಲಿ ಮಾಡುತ್ತೆ. ಮತ್ಯಾಕೆ ಬ್ರಷ್ ಹಿಡೀಬೇಕು?

ಈ ಲೇಖನ ಬರೀತಿರೋ ನಾವು ಮಾಗಡಿ ಕಡೆಯಿಂದ ಬಂದು ಇಲ್ಲಿ ಎರಡನೇ ವರ್ಷ ಓದ್ತಿರೋ ಒಂದು ಸಣ್ಣ ಗುಂಪು. ನಮ್ಮಲ್ಲೊಬ್ಬ ಕಳೆದ ಸಲ ಪ್ರದರ್ಶನಕ್ಕೆ ಅವನ ಅಮ್ಮನ ಚಿತ್ರ ಹಾಕಿದ್ದ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಬೆಳಗ್ಗೆ ಕತ್ತಲಲ್ಲೇ ಬಸ್ಸು, ವಾಪಸ್ ಬರೋದೂ ಕತ್ತಲಲ್ಲೇ. ಚಿತ್ರದಲ್ಲಿ ಅಮ್ಮನ ಎರಡು ಕೈಗಳು ಮೈಗಿಂತ ದೊಡ್ಡವು, ಮುಖ ಒಂದು ಅಡಿಕೆಯಷ್ಟು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಬೋರ್ಡ್ ಮುಂದೆ ನಿಂತ ಗುಂಪು ನಕ್ಕಿತು. "ಅನಾಟಮಿ ಗೊತ್ತಿಲ್ವಾ?" "ಏಲಿಯನ್ನಾ?" ಅಂತ ಕಾಮೆಂಟು. ಸಂಜೆಯೊಳಗೆ ಅವನು ಚಿತ್ರ ಬಿಚ್ಕೊಂಡು ಹೋದ. ಆಮೇಲೆ ಯಾವ ಬೋರ್ಡಿಗೂ ಹಾಕಿಲ್ಲ. ಆ ನಗುವಿಗೆ ಒಂದು ಉತ್ತರ ಬಾಕಿ ಇದೆ ಅಂತ ನಮಗೆ ಅನಿಸಿದ್ದರಿಂದ ಇದನ್ನು ಬರೀತಿದ್ದೀವಿ.

ಮೊದಲು ನಮ್ಮದೇ ಸಿಲಬಸ್‌ನಿಂದ ಶುರು ಮಾಡೋಣ. 1 ಮೀಟರ್ ಉದ್ದದ ಸಾದಾ ಉಕ್ಕಿನ ಸರಳನ್ನು ಎಳೀರಿ. ಅದು ಯೀಲ್ಡ್ ಆಗೋ ಹೊತ್ತಿಗೆ ಉದ್ದ ಆಗಿರೋದು ಸುಮಾರು 1.25 ಮಿಲಿಮೀಟರ್ ಅಷ್ಟೇ. ಬರೀ ಕಣ್ಣಿಗೆ ಏನೂ ಕಾಣಲ್ಲ. ಸರಳು ಹಾಗೇ ನಿಂತಿದೆ, ಆರಾಮಾಗಿದೆ ಅನ್ಸುತ್ತೆ. ಆದರೆ ಒಳಗೆ ಅದು ಎಷ್ಟು ತಡ್ಕೊಂಡಿದೆ ಅನ್ನೋದು ಸರಳಿಗೇ ಗೊತ್ತು. ಅದಕ್ಕೇ ಆನ್ಸಿಸ್‌ನಲ್ಲಿ ಬೀಮ್ ಅನಾಲಿಸಿಸ್ ಮಾಡಿದಾಗ ಸಾಫ್ಟ್‌ವೇರ್ ಏನು ಮಾಡುತ್ತೆ? ಆ ಬಾಗನ್ನು ನೂರು ಪಟ್ಟು, ಸಾವಿರ ಪಟ್ಟು ಹಿಗ್ಗಿಸಿ ತೋರಿಸುತ್ತೆ. ಸ್ಕ್ರೀನ್ ಮೇಲೆ ಬೀಮು ಬಾಳೆಹಣ್ಣಿನ ಹಾಗೆ ಬಾಗಿರುತ್ತೆ, ಪಕ್ಕದಲ್ಲಿ ಸ್ಕೇಲ್ ಫ್ಯಾಕ್ಟರ್ ಬರೆದಿರುತ್ತೆ. ಯಾರಾದರೂ "ಇದು ತಪ್ಪು, ಬೀಮ್ ಹೀಗೆ ಇರಲ್ಲ" ಅಂತ ನಗ್ತಾರಾ? ಇಲ್ಲ. ಎಲ್ಲಿ ಭಾರ ಬಿದ್ದಿದೆ, ಎಲ್ಲಿ ಮುರಿಯಬಹುದು ಅಂತ ನೋಡ್ತೀವಿ.

ಎಕ್ಸ್‌ಪ್ರೆಷನಿಸ್ಟ್ ಚಿತ್ರಕಾರರು ಮನುಷ್ಯನ ಮೈಗೆ ಮಾಡೋದೂ ಇದನ್ನೇ ಅಂತ ನಮ್ಮ ವಾದ. ಮನುಷ್ಯನ ಮೇಲೆ ಬಿದ್ದ ಭಾರ ಹೊರಗೆ ಕಾಣೋದು ಒಂದೂಕಾಲು ಮಿಲಿಮೀಟರ್ ಮಾತ್ರ. ಬಸ್ಸಿನಲ್ಲಿ ಪಕ್ಕ ಕೂತವರ ಮುಖ ನೋಡಿದರೆ ಏನು ಗೊತ್ತಾಗುತ್ತೆ? ಚಿತ್ರಕಾರ ಆ ಬಾಗನ್ನು ಹಿಗ್ಗಿಸಿ ಕಣ್ಣಿಗೆ ಕಾಣೋ ಹಾಗೆ ಮಾಡ್ತಾನೆ. ಸ್ಕೇಲ್ ಫ್ಯಾಕ್ಟರ್ ಮಾತ್ರ ಬರೆದಿರಲ್ಲ, ಅದನ್ನ ನಾವೇ ಊಹಿಸಬೇಕು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಡಿಫಾರ್ಮೇಶನ್' ಒಂದು ಪದ, 'ಅಗ್ಲಿ' ಇನ್ನೊಂದು ಪದ. ಕನ್ನಡದಲ್ಲಿ ಎರಡಕ್ಕೂ 'ವಿರೂಪ' ಅಂತ ಒಂದೇ ಪದ ಸಾಕಾಗುತ್ತೆ. ಅಲ್ಲೇ ನಾವು ಎಡವೋದು, ಆಕಾರ ಬದಲಾದದ್ದೆಲ್ಲ ಕುರೂಪ ಅಂದ್ಕೊಂಡುಬಿಡ್ತೀವಿ. ಆದರೆ ಇದೇ ಕನ್ನಡ ನಾಡಿನಲ್ಲಿ ಹಂಪಿಯ ದೇವರ ಹೆಸರು ವಿರೂಪಾಕ್ಷ. ವಿರೂಪವಾದ ಕಣ್ಣುಳ್ಳವನು, ಅಂದ್ರೆ ನಮ್ಮ ಹಾಗೆ ಎರಡೇ ಕಣ್ಣು ಇರದವನು. ಹೆಸರಿನಲ್ಲೇ ವಿರೂಪ ಇಟ್ಕೊಂಡ ದೇವರಿಗೆ ಕೈಮುಗಿಯೋ ಜನ ನಾವು.

ನಮ್ಮ ಮಾಗಡಿಗೇ ಬನ್ನಿ. ವೀಕೆಂಡ್ ಟ್ರೆಕ್ ಅಂತ ಸಾವನದುರ್ಗಕ್ಕೆ ನಿಮ್ಮಲ್ಲಿ ಅರ್ಧ ಜನ ಹೋಗಿ ಬಂದಿದ್ದೀರಿ, ಇನ್‌ಸ್ಟಾದಲ್ಲಿ ನೋಡಿದ್ದೀವಿ. ಆ ಬೆಟ್ಟದ ಬುಡದಲ್ಲಿ ಎರಡು ಗುಡಿ ಇವೆ: ವೀರಭದ್ರನದು, ನರಸಿಂಹನದು. ಒಬ್ಬನದು ಉಗ್ರ ರೂಪ. ಇನ್ನೊಬ್ಬನಿಗೆ ಮನುಷ್ಯನ ಮೈ, ಸಿಂಹದ ತಲೆ. ಅಲ್ಲಿ ನಿಂತು "ಅನಾಟಮಿ ಸರಿ ಇಲ್ಲ" ಅಂದವರನ್ನ ನಾವು ಕಂಡಿಲ್ಲ. ಕೋಪ ಅನ್ನೋದು ಮನುಷ್ಯನ ಮುಖದಲ್ಲಿ ಹಿಡಿಸದಷ್ಟು ದೊಡ್ಡದಾದಾಗ ಮುಖಾನೇ ಬದಲಾಗಬೇಕಾಯ್ತು ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊಲದ ಬೆರ್ಚಪ್ಪನಿಗೆ ಮಡಕೆ ತಲೆ, ಕೋಲಿನ ಕೈ. ಕಟ್ತಿರೋ ಮನೆ ಮುಂದೆ ನೇತಾಡೋ ದೃಷ್ಟಿ ಬೊಂಬೆಗೆ ಕಣ್ಣು, ಹಲ್ಲು, ನಾಲಿಗೆ ಬಿಟ್ಟರೆ ಬೇರೇನೂ ಇಲ್ಲ. ಹಳೇ ಮೈಸೂರು ಕಡೆ ಗ್ರಾಮದೇವತೆ ಹಬ್ಬದಲ್ಲಿ ಸೋಮನ ಕುಣಿತ ನೋಡಿದವರಿಗೆ ಆ ಮುಖವಾಡದ ದೊಡ್ಡ ಕಣ್ಣು ಮರೆಯೋಕಾಗಲ್ಲ. ಪಕ್ಕದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತ್‌ಗೆ ಹಾಕಿ, ಅರಗಿನ ಬಣ್ಣ ಹಿಡಿಸಿ ಮಾಡೋ ಗೊಂಬೆಗಳಲ್ಲಿ ಎಷ್ಟೋ ಗೊಂಬೆಗೆ ಕೈಯೂ ಇಲ್ಲ, ಕಾಲೂ ಇಲ್ಲ. ಒಂದು ಗುಂಡು, ಒಂದು ಸಿಲಿಂಡರ್, ಮೇಲೆರಡು ಕಣ್ಣಿನ ಚುಕ್ಕೆ. ಮಗು ಅದನ್ನ ಎತ್ಕೊಂಡು "ಅಮ್ಮ" ಅನ್ನುತ್ತೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಂದು ಸಲ ಹೋಗಿ ಮುಖವಾಡ, ತೊಗಲುಗೊಂಬೆ ನೋಡಿ ಬನ್ನಿ. ಫೋಟೋ ಥರಾ ಇರೋ ಒಂದು ಮುಖಾನೂ ಸಿಗಲ್ಲ. ಜೀವ ಇಲ್ಲದ ಮುಖಾನೂ ಸಿಗಲ್ಲ. ಅಂದ್ರೆ ಈ ಥರದ ನೋಟ ನಮ್ಮ ಊರಿಗೆ ಹೊಸದಲ್ಲ. ಕ್ಯಾಂಪಸ್ ಗೇಟು ದಾಟುವಾಗ ಅದನ್ನ ನಾವೇ ಹೊರಗೆ ಬಿಟ್ಟು ಬರ್ತಿದ್ದೀವಿ.

"ಅದು ಜಾನಪದ, ಇದು ಮಾಡರ್ನ್ ಆರ್ಟ್, ಎಂಜಿನಿಯರಿಂಗ್ ಓದೋರಿಗೆ ಯಾಕೆ?" ಅಂತ ಕೇಳಬಹುದು. ಈ ಎಕ್ಸ್‌ಪ್ರೆಷನಿಸಂ ಶುರು ಮಾಡಿದವರಲ್ಲಿ ಒಂದು ಗುಂಪು ನಮ್ಮ ಥರದವರೇ. 1905ರ ಜೂನ್‌ನಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಿರ್ಷ್ನರ್, ಹೆಕೆಲ್, ಷ್ಮಿಟ್-ರಾಟ್ಲುಫ್, ಬ್ಲೈಲ್ ಅನ್ನೋ ನಾಲ್ಕು ಜನ ಸೇರಿ ಒಂದು ಬಳಗ ಕಟ್ಟಿದರು. ನಾಲ್ವರೂ ಅಲ್ಲಿನ ಟೆಕ್ನಿಕಲ್ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಓದಲು ಸೇರಿದವರು, 20ರಿಂದ 25 ವಯಸ್ಸಿನವರು. ಬಳಗಕ್ಕೆ ಇಟ್ಟ ಹೆಸರು 'ಡಿ ಬ್ರೂಕೆ', ಅಂದ್ರೆ ಸೇತುವೆ. ಸಿವಿಲ್‌ನವರು ಖುಷಿ ಪಡಬಹುದು.

ಕಿರ್ಷ್ನರ್ ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ, ಮನಸ್ಸು ಕುಸಿದು ಹೊರಗೆ ಬಂದರು. 1915ರಲ್ಲಿ ತಮ್ಮದೇ ಚಿತ್ರ ಬಿಡಿಸ್ಕೊಂಡರು: ಮೈಮೇಲೆ ಸೈನಿಕನ ಯೂನಿಫಾರ್ಮ್, ಬಲಗೈ ಮಣಿಕಟ್ಟಿನ ಹತ್ತಿರ ಕತ್ತರಿಸಿದೆ. ನಿಜವಾಗಿ ಅವರ ಕೈಗೆ ಏನೂ ಆಗಿರಲಿಲ್ಲ. ಚಿತ್ರ ಬಿಡಿಸೋ ಕೈಯನ್ನ ಯುದ್ಧ ಕಿತ್ಕೊಂಡಿತು ಅಂತ ಹೇಳೋಕೆ ಬೇರೆ ದಾರಿ ಇತ್ತಾ? ಅವತ್ತು ಫೋಟೋ ತೆಗೆದಿದ್ದರೆ ಎರಡೂ ಕೈ ಸರಿಯಾಗಿ ಕಾಣ್ತಿದ್ದವು. ಆ ಫೋಟೋದಲ್ಲಿ ನಿಜ ಇರ್ತಿರಲಿಲ್ಲ.

ಇಂಥ ಚಿತ್ರಗಳನ್ನು ನೋಡಿ ನಗೋದನ್ನೇ ಒಂದು ಸರ್ಕಾರ ಕಾರ್ಯಕ್ರಮ ಮಾಡಿತ್ತು ಅನ್ನೋದೂ ಗೊತ್ತಿರಲಿ. 1937ರಲ್ಲಿ ಮ್ಯೂನಿಕ್‌ನಲ್ಲಿ ನಾಜಿಗಳು 'ಕೆಟ್ಟುಹೋದ ಕಲೆ' ಅಂತ ಪ್ರದರ್ಶನ ಇಟ್ಟರು. 600ಕ್ಕೂ ಹೆಚ್ಚು ಕೃತಿಗಳನ್ನು ಇಕ್ಕಟ್ಟಾಗಿ ನೇತುಹಾಕಿ, ಪಕ್ಕದಲ್ಲಿ ಅಣಕದ ಮಾತು ಬರೆದು, ಜನ ಬಂದು ನಗಲಿ ಅಂತ ಬಿಟ್ಟರು. ಅದರಲ್ಲಿ ಕಿರ್ಷ್ನರ್ ಚಿತ್ರಗಳೂ ಇದ್ದವು. ಮರುವರ್ಷ ಅವರು ತಾವೇ ಪ್ರಾಣ ಕಳ್ಕೊಂಡರು. ನಮ್ಮ ಬೋರ್ಡ್ ಮುಂದಿನ ನಗುವನ್ನ ಅದಕ್ಕೆ ಹೋಲಿಸ್ತಿಲ್ಲ, ಅಷ್ಟು ದೊಡ್ಡ ಮಾತು ಬೇಡ. ಆದರೆ 'ಸರಿಯಾದ ಮೈ' ಯಾವುದು ಅಂತ ಒಂದೇ ಅಳತೆ ಇಟ್ಟವರು, ಆ ಅಳತೆಗೆ ಸಿಗದ ಮನುಷ್ಯರ ಗತಿ ಏನು ಮಾಡಿದರು ಅನ್ನೋದು ಚರಿತ್ರೆಯಲ್ಲಿದೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಯೂಸುಫ್ ಅರಕ್ಕಲ್ ಹೆಸರು ಕೇಳಿದ್ದೀರಾ? 1945ರಲ್ಲಿ ಕೇರಳದ ಚಾವಕ್ಕಾಡ್‌ನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಅಪ್ಪ ಅಮ್ಮನನ್ನು ಕಳ್ಕೊಂಡು, ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದವರು. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತರು, 2016ರಲ್ಲಿ ತೀರ್ಕೊಳ್ಳೋವರೆಗೂ ಇದೇ ಊರಿನವರಾಗಿದ್ದರು. ಅವರ ಎಷ್ಟೋ ಚಿತ್ರಗಳಲ್ಲಿ ಇರೋದು ಒಂಟಿ ಮನುಷ್ಯರು. ಮಂಕು ಬಣ್ಣದೊಳಗೆ ಅರ್ಧ ಮುಳುಗಿದ ಮೈ, ಪೂರ್ತಿ ಕಾಣದ ಮುಖ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಕೊನೇ ಬಸ್ಸಿಗೆ ಕಾದವರಿಗೆ ಆ ಮನುಷ್ಯರ ಪರಿಚಯ ಇರುತ್ತೆ.

2005ರಲ್ಲಿ ಇಟಲಿಯ ಫ್ಲಾರೆನ್ಸ್ ಬಿನಾಲೆಯಲ್ಲಿ ಅವರಿಗೆ ಚಿನ್ನದ ಪದಕ ಬಂತು. ಆ ಚಿತ್ರದ ಹೆಸರಿನಲ್ಲೇ ಬೇಕನ್ ಇದ್ದಾರೆ: ಬೇಕನ್‌ನ ಮನುಷ್ಯ, ಜೊತೆಗೊಂದು ಮಗು, ಒಬ್ಬ ಪಾದ್ರಿ. ಇದು ತತ್ವಜ್ಞಾನಿ ಬೇಕನ್ ಅಲ್ಲ, 1909ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಚಿತ್ರಕಾರ ಫ್ರಾನ್ಸಿಸ್ ಬೇಕನ್. ಯಾವ ಕಲಾ ಶಾಲೆಯಲ್ಲೂ ಓದದವರು. 1650ರಲ್ಲಿ ಸ್ಪೇನಿನ ವೆಲಾಸ್ಕೆಜ್ ಬಿಡಿಸಿದ್ದ ಪೋಪ್ ಚಿತ್ರವನ್ನ ಬೇಕನ್ 1953ರಲ್ಲಿ ಮತ್ತೆ ಬಿಡಿಸಿದರು. ಮೂಲದಲ್ಲಿ ಪೋಪ್ ಗತ್ತಿನಿಂದ ಕುರ್ಚಿಯಲ್ಲಿ ಕೂತಿದ್ದಾರೆ. ಬೇಕನ್ ಚಿತ್ರದಲ್ಲಿ ಅದೇ ಕುರ್ಚಿ, ಅದೇ ಭಂಗಿ, ಬಾಯಿ ಮಾತ್ರ ಕಿರುಚ್ತಿದೆ. ಅಧಿಕಾರದ ಕುರ್ಚಿ ಈಗ ಪಂಜರದ ಹಾಗೆ ಕಾಣುತ್ತೆ.

ಒಂದು ಮೈ 1650ರಲ್ಲಿ ರೋಮ್‌ನಲ್ಲಿ ನೆಟ್ಟಗೆ ಕೂತಿತ್ತು, ಯುದ್ಧ ಕಂಡ ಯುರೋಪಿನಲ್ಲಿ ಕಿರುಚಿತು. ಹಾಗೆ ಕಿರುಚೋ ಮೈಗಳ ಚಿತ್ರಕಾರನನ್ನ ನಮ್ಮ ಎಚ್‌ಎಎಲ್‌ನಲ್ಲಿ ದುಡಿದ ಒಬ್ಬರು ತಮ್ಮ ಕ್ಯಾನ್ವಾಸಿಗೆ ಕರೆದು ತಂದರು. ಇದು ಕಾಪಿ ಅಲ್ಲ. ಲ್ಯಾಬ್‌ನಲ್ಲಿ ಒಂದೇ ಸ್ಪೆಸಿಮೆನ್ ಮೇಲೆ ಬೇರೆ ಬೇರೆ ಲೋಡ್ ಹಾಕಿ ನೋಡೋ ಹಾಗೆ, ಪ್ರತಿ ಕಾಲವೂ ಮನುಷ್ಯನ ಮೈ ಮೇಲೆ ತನ್ನ ಭಾರ ಹಾಕಿ ನೋಡ್ತು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತೆ. "ಹಾಗಾದ್ರೆ ಬಿಡಿಸೋಕೆ ಬರದವರೆಲ್ಲ ಸೊಟ್ಟಗೆ ಗೀಚಿ ಎಕ್ಸ್‌ಪ್ರೆಷನಿಸಂ ಅನ್ನಬಹುದಾ?" ಅನ್ನಬಾರದು. ಒಂದು ಚಾಕ್‌ಪೀಸ್ ತಗೊಂಡು ನೇರ ಎಳೀರಿ, ಅಡ್ಡಕ್ಕೆ ಸಮನಾಗಿ ಮುರಿಯುತ್ತೆ. ಇನ್ನೊಂದನ್ನ ತಿರುಚಿ, 45 ಡಿಗ್ರಿ ಓರೆಯಾಗಿ ಮುರಿಯುತ್ತೆ. ಮುರಿದ ತುಂಡು ನೋಡಿಯೇ ಯಾವ ಬಲ ಬಿತ್ತು ಅಂತ ಹೇಳಬಹುದು. ಒಳ್ಳೇ ವಿರೂಪ ಚಿತ್ರದಲ್ಲೂ ಹಾಗೇ, ಬಾಗಿದ ರೀತಿ ನೋಡಿದರೆ ಭಾರ ಯಾವುದು ಅಂತ ತಿಳಿಯುತ್ತೆ. ಗಾರ್ಮೆಂಟ್ಸ್ ಅಮ್ಮನ ಕೈ ದೊಡ್ಡದಾಗಿದ್ದಕ್ಕೆ ಕಾರಣ ಇತ್ತು, ಮುಖ ಸಣ್ಣದಾಗಿದ್ದಕ್ಕೂ ಕಾರಣ ಇತ್ತು. ಆ ಲೈನಿನಲ್ಲಿ ಕೈಗೆ ಕೆಲಸ ಇದೆ, ಮುಖಕ್ಕೆ ಇಲ್ಲ. ಸುಮ್ಮನೆ ಗೀಚಿದ್ದರಲ್ಲಿ ಈ ಲೆಕ್ಕ ಸಿಗಲ್ಲ. ಹಾಗಾಗಿ ಪರೀಕ್ಷೆ ಮಾಡಿ, ಖಂಡಿತ ಮಾಡಿ. ಆದರೆ "ಫೋಟೋ ಥರಾ ಇದೆಯಾ?" ಅಂತಲ್ಲ, "ಭಾರ ಎಲ್ಲಿದೆ?" ಅಂತ ಕೇಳಿ.

ಇನ್ನೊಂದು ಮಾತು. ಮೈ ಮುಖ ವಿರೂಪ ಮಾಡೋದು ತಪ್ಪು ಅನ್ನೋ ನಾವೇ ದಿನಾ ಸೆಲ್ಫಿಗೆ ಫಿಲ್ಟರ್ ಹಾಕ್ತೀವಿ. ಗಲ್ಲ ಚೂಪು, ಕಣ್ಣು ದೊಡ್ಡದು, ಚರ್ಮ ಗಾಜಿನ ಹಾಗೆ. ಅದೂ ವಿರೂಪವೇ ಅಲ್ವಾ? ವ್ಯತ್ಯಾಸ ಇಷ್ಟೇ: ರಾತ್ರಿ ನಿದ್ದೆಗೆಟ್ಟದ್ದು, ಬ್ಯಾಕ್‌ಲಾಗ್ ಚಿಂತೆ, ಮನೆ ಸಾಲದ ಯೋಚನೆ ಎಲ್ಲವನ್ನೂ ಫಿಲ್ಟರ್ ಅಳಿಸಿಹಾಕುತ್ತೆ. ಅರಕ್ಕಲ್ ಥರದವರ ಕುಂಚ ಅದನ್ನೇ ಎತ್ತಿ ತೋರಿಸುತ್ತೆ. ಯಾವುದು ಸುಳ್ಳು, ಯಾವುದು ನಿಜ ಅಂತ ನೀವೇ ಯೋಚ್ನೆ ಮಾಡಿ.

ಬರೀ ಮಾತಾಡಿ ಬಿಡಲ್ಲ, ನಮ್ಮದು ಮೂರು ಬೇಡಿಕೆ. ಒಂದು, ಮುಂದಿನ ಫೆಸ್ಟ್‌ನಲ್ಲಿ ಚಿತ್ರ ಸ್ಪರ್ಧೆಗೆ ಎರಡು ವಿಭಾಗ ಮಾಡಿ. ಭಾವಚಿತ್ರ ಇರಲಿ, ಪಕ್ಕದಲ್ಲಿ 'ವಿರೂಪ' ಅಂತ ಇನ್ನೊಂದು ಇರಲಿ. ಎರಡು, ಆ ವಿಭಾಗದ ಪ್ರತಿ ಚಿತ್ರದ ಕೆಳಗೆ ಬಿಡಿಸಿದವರು ಕನ್ನಡದಲ್ಲಿ ಎರಡು ಸಾಲು ಬರೀಲಿ, ನೋಡಿದವರೂ ಎರಡು ಸಾಲು ಬರೆಯೋಕೆ ಜಾಗ ಇರಲಿ. ಮೂರು, ಕನ್ನಡ ಸಂಘದಿಂದ ಒಂದು ದಿನ ಬೆಂಗಳೂರಿಗೆ ಹೋಗೋಣ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರೋ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಜನವರಿಯಲ್ಲಾದರೆ ಚಿತ್ರಸಂತೆಗೂ ಹೋಗಬಹುದು, ರಸ್ತೆ ತುಂಬಾ ಚಿತ್ರ.

ಬರೋರು ಸಂಘದ ಗ್ರೂಪ್‌ನಲ್ಲಿ ಹೆಸರು ಹಾಕಿ. ಒಂದೇ ಷರತ್ತು: ಯಾವ ಚಿತ್ರದ ಮುಂದೆಯಾದರೂ ಕನಿಷ್ಠ ಎರಡು ನಿಮಿಷ ನಿಲ್ಲಬೇಕು. ಆಮೇಲೂ ನಗು ಬಂದರೆ ನಗಿ, ಯಾಕೆ ನಗು ಬಂತು ಅಂತ ವಾಪಸ್ ಬರ್ತಾ ಬಸ್ಸಿನಲ್ಲಿ ಮಾತಾಡೋಣ.