ಜೋಡಿ ಅಕ್ಷರದ ನಾಣ್ಯ

ಕಳೆದ ತಿಂಗಳು ನಮ್ಮ ಪರಿಚಯದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ 1955ನೆಯ ಇಸವಿಯ ಅಮೆರಿಕದ ಒಂದು ಸೆಂಟ್ ನಾಣ್ಯವನ್ನು ನಮ್ಮ ಮುಂದಿಟ್ಟರು. ಅಲ್ಲಿ ನೆಲೆಸಿರುವ ಅವರ ತಮ್ಮ ತಂದ ಚಿಲ್ಲರೆಯಲ್ಲಿ ಅದು ದೊರೆತಿತ್ತು. ಇಸವಿಯ ಕೊನೆಯ 5 ಎರಡಾಗಿ ಕಾಣುತ್ತಿತ್ತು. "ಇದಕ್ಕೆ ಲಕ್ಷ ರೂಪಾಯಿ ಬರುತ್ತದಂತೆ. ನೋಂದಣಿಗೆ ಮೊದಲು ಹತ್ತು ಸಾವಿರ ಕಳಿಸಿರೆಂದು ಫೋನಿನಲ್ಲಿ ಯಾರೋ ಹೇಳಿದರು. ಮಗಳ ಕಾಲೇಜು ಶುಲ್ಕದ ಹಣವಿದೆ, ಕಳಿಸಲೇ, ಶಾಸ್ತ್ರಿಗಳೇ?" ಎಂದು ಕೇಳಿದರು.

ಜೋಡಿ ಅಚ್ಚಿನ ನಾಣ್ಯವೆಂಬುದು ಸುಳ್ಳಲ್ಲ. ನಾಣ್ಯವನ್ನೊತ್ತುವ ಅಚ್ಚನ್ನು ಉಬ್ಬುಚಿತ್ರವುಳ್ಳ ತಾಯಚ್ಚಿನಿಂದ ಒತ್ತಿ ತಯಾರಿಸುತ್ತಾರೆ. ಆ ಕಾಲದಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ಣವಾಗಿ ಮೂಡುತ್ತಿರಲಿಲ್ಲ. ಉಕ್ಕನ್ನು ಕಾಯಿಸಿ, ಮೆದುಗೊಳಿಸಿ, ಮತ್ತೆ ಒತ್ತಬೇಕಾಗಿತ್ತು. ಎರಡನೆಯ ಸಲ ಕೊಂಚ ತಿರುಗಿ ಕುಳಿತರೆ ಅಚ್ಚಿನಲ್ಲಿಯೇ ಅಕ್ಷರಗಳು ಜೋಡಿಯಾಗುವುವು. 1955ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಹೀಗೆಯೇ ಆಯಿತು. ಅಂತಹ ಇಪ್ಪತ್ತು ಸಾವಿರಕ್ಕೂ ಮಿಕ್ಕ ನಾಣ್ಯಗಳು ಉಳಿದವುಗಳೊಡನೆ ಬೆರೆತು ಚಲಾವಣೆಗೆ ಹೋದವೆಂದು ಅಂದಾಜು. ಸವೆದ ಒಂದು ನಾಣ್ಯಕ್ಕೂ ಇಂದು ಸಾವಿರ ಡಾಲರಿನ ಸುಮಾರು ಬೆಲೆಯುಂಟು.

ಮಠದಲ್ಲಿ ಓಲೆಗರಿಗಳನ್ನು ಓದುವಾಗ ನಾವು ಕಲಿತ ಪಾಠವೊಂದಿದೆ. ಮಾತೃಪ್ರತಿಯಲ್ಲಿ ನುಸುಳಿದ ತಪ್ಪು ಅದರಿಂದ ಇಳಿಸಿಕೊಂಡ ಪ್ರತಿಗಳಿಗೆಲ್ಲ ಹರಿಯುತ್ತದೆ. ಲಿಪಿಕಾರನ ಕೈತಪ್ಪಾದರೋ ಆ ಒಂದು ಪ್ರತಿಗೆ ಸೀಮಿತ. ನಾಣ್ಯದಲ್ಲಿಯೂ ಈ ಭೇದವನ್ನೇ ಅರಸಬೇಕು. ಅಚ್ಚೇ ಜೋಡಿಯಾಗಿದ್ದರೆ ಎರಡು ರೂಪಗಳೂ ದುಂಡಗೆ ಉಬ್ಬಿ ನಿಂತು, ಅಕ್ಷರ ಅಗಲವಾಗಿ, ಅದರ ತುದಿಗಳು ಸೀಳಿದಂತೆ ತೋರುತ್ತವೆ. ಒತ್ತುವ ಕ್ಷಣದಲ್ಲಿ ಸಡಿಲವಾದ ಅಚ್ಚು ಜರುಗಿದ್ದರೆ ಎರಡನೆಯ ರೂಪ ಮೆಟ್ಟಿಲಿನಂತೆ ಚಪ್ಪಟೆಯಾಗಿದ್ದು, ಅಕ್ಷರ ಸಪೂರವಾಗಿರುತ್ತದೆ. ಇದಕ್ಕೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲ.

1955ರ ನಿಜವಾದ ಜೋಡಿ ಅಚ್ಚಿನಲ್ಲಿ ಲಿಂಕನ್ನರ ಮುಖವಿರುವ ಬದಿಯ ಇಸವಿ, 'ಲಿಬರ್ಟಿ' ಎಂಬ ಪದ, ಮೇಲಣ ಧ್ಯೇಯವಾಕ್ಯ, ಎಲ್ಲವೂ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. ಕೊನೆಯ 5 ಮಾತ್ರ ನೆರಳಿನಂತೆ ಇಮ್ಮಡಿಯಾಗಿದ್ದರೆ ಅದು ಬಹಳ ದುಡಿದು ಸವೆದ ಅಚ್ಚಿನ ಗುರುತು. ಅಂತಹವು ಹೇರಳವಾಗಿವೆ. ಅಮೆರಿಕದ ಸಂಗ್ರಾಹಕರು ಅವನ್ನು 'ಬಡವನ ಜೋಡಿ ಅಚ್ಚು' ಎಂದು ವಿನೋದವಾಗಿ ಕರೆಯುತ್ತಾರೆ.

ಭೂತಗನ್ನಡಿ ಹಿಡಿದು ನೋಡಿದೆವು. ಉಳಿದ ಅಕ್ಷರಗಳೆಲ್ಲ ಒಂಟಿಯಾಗಿಯೇ ಇದ್ದವು. ತಾಯಿಗೂ ತೋರಿಸಿದೆವು. ಅವರ ಮುಖ ಒಂದು ಗಳಿಗೆ ಬಾಡಿತು. ಆದರೆ ಮಗಳ ಶುಲ್ಕ ಉಳಿಯಿತು.

ವಾಚಕರೇ, ತನ್ನ ಹೆಸರು ಹೇಳಿ ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. ನಾಣ್ಯ ನಿಜವಾಗಿ ಅಪರೂಪದ್ದಾಗಿದ್ದರೂ ಮಾತು ಅದೇ. ಕೊಳ್ಳುವವನು ಹಣ ಕೊಡಬೇಕು. ಮೊದಲು ಹಣ ಬೇಡುವವನು ಕೊಳ್ಳಲು ಬಂದವನಲ್ಲ.